ಕೆನಡಾದ ಆರೋಗ್ಯ ವಿಮೆಯ ಶಿಲ್ಪಿ ಟಾಮಿ ಡಗ್ಲಸ್

ಕೆನಡಾದ ಸಾರ್ವಜನಿಕ ಪ್ರಸಾರ ಸಂಸ್ಥೆ ಸಿಬಿಸಿ 2004ರಲ್ಲಿ ತನ್ನ ವೀಕ್ಷಕರ ಮುಂದೆ ಒಂದು ಪ್ರಶ್ನೆಯನ್ನಿಟ್ಟಿತು. ದೇಶದ ಇತಿಹಾಸದಲ್ಲಿ ಆಗಿಹೋದ ಅತ್ಯಂತ ಶ್ರೇಷ್ಠ ಕೆನಡಿಯನ್ ಯಾರು ಎಂಬುದೇ ಆ ಪ್ರಶ್ನೆ. ಇನ್ಸುಲಿನ್ ಕಂಡುಹಿಡಿದ ಫ್ರೆಡರಿಕ್ ಬ್ಯಾಂಟಿಂಗ್, ಟೆಲಿಫೋನ್ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್, ಪ್ರಧಾನಿಯಾಗಿದ್ದ ಪಿಯರ್ ಟ್ರೂಡೊ, ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್‌ಕಿ ಮುಂತಾದವರೆಲ್ಲ ಪಟ್ಟಿಯಲ್ಲಿದ್ದರು. ಆದರೆ ಜನರು ಆರಿಸಿದ್ದು ಟಾಮಿ ಡಗ್ಲಸ್ ಎಂಬ ಕುಳ್ಳನೆಯ ಮಾಜಿ ಪಾದ್ರಿಯನ್ನು. ಆ ವೇಳೆಗೆ ಅವರು ತೀರಿಕೊಂಡು 18 ವರ್ಷಗಳಾಗಿದ್ದವು.

ಡಗ್ಲಸ್ ಎಂದೂ ದೇಶದ ಪ್ರಧಾನಿಯಾದವರಲ್ಲ. ಅವರ ಪಕ್ಷ ರಾಜಧಾನಿ ಒಟ್ಟಾವಾದಲ್ಲಿ ಅಧಿಕಾರ ಹಿಡಿದದ್ದೇ ಇಲ್ಲ. ಸ್ವತಃ ಅವರೇ ಮೂರು ಬಾರಿ ಚುನಾವಣೆಯಲ್ಲಿ ಸೋತವರು. ಹೀಗಿದ್ದೂ ಜನ ಅವರನ್ನು ನೆನೆದದ್ದು ಒಂದೇ ಕಾರಣಕ್ಕೆ. ಕಾಯಿಲೆ ಬಿದ್ದವನು ಜೇಬು ಮುಟ್ಟಿ ನೋಡಿಕೊಳ್ಳದೆ ವೈದ್ಯರ ಬಾಗಿಲಿಗೆ ಹೋಗುವಂತಾಗಬೇಕು ಎಂಬ ಮಾತನ್ನು ಅವರು ಮೊದಲು ಒಂದು ಬಡ ಪ್ರಾಂತ್ಯದಲ್ಲಿ ನಿಜಮಾಡಿ ತೋರಿಸಿದರು. ಅನಂತರ ಇಡೀ ದೇಶವೇ ಆ ದಾರಿ ಹಿಡಿಯಿತು.

ಆದರೆ ಸಾರ್ವತ್ರಿಕ ಆರೋಗ್ಯ ವಿಮೆ ಎಂಬುದು ಒಂದು ಶುಭದಿನದಲ್ಲಿ ಘೋಷಣೆಯಾಗಿ ಮರುದಿನ ಜಾರಿಗೆ ಬಂದ ಯೋಜನೆಯಲ್ಲ. 1944ರಲ್ಲಿ ಆರಂಭವಾದ ಆ ಕೆಲಸ ದೇಶದ ಎಲ್ಲ ಪ್ರಾಂತ್ಯಗಳನ್ನು ಮುಟ್ಟುವಾಗ 1971 ಬಂದಿತ್ತು. ನಡುವೆ ಹಣದ ಕೊರತೆ, ಅಧಿಕಾರ ಹಂಚಿಕೆಯ ಜಗ್ಗಾಟ, ವೈದ್ಯರ ಮುಷ್ಕರ ಎಲ್ಲವೂ ಬಂದುಹೋದವು. ಡಗ್ಲಸ್‌ರ ಬದುಕನ್ನು ತಿಳಿಯುವುದೆಂದರೆ ಆ ಕಷ್ಟಗಳ ಲೆಕ್ಕವನ್ನು ತಿಳಿಯುವುದೇ ಆಗಿದೆ.

ಉಳಿದ ಕಾಲು, ಉಳಿದ ಪ್ರಶ್ನೆ

ಥಾಮಸ್ ಕ್ಲೆಮೆಂಟ್ ಡಗ್ಲಸ್ ಹುಟ್ಟಿದ್ದು 1904ರ ಅಕ್ಟೋಬರ್ 20ರಂದು, ಸ್ಕಾಟ್ಲೆಂಡಿನ ಫಾಲ್ಕರ್ಕ್ ಸಮೀಪದ ಕ್ಯಾಮೆಲಾನ್ ಎಂಬಲ್ಲಿ. ತಂದೆ ಕಬ್ಬಿಣದ ಎರಕದ ಕೆಲಸಗಾರ. ಬೋಯರ್ ಯುದ್ಧದಲ್ಲಿ ಹೋರಾಡಿ ಬಂದವರು. ಬಾಲಕನಿದ್ದಾಗ ಟಾಮಿ ಬಿದ್ದು ಬಲಮೊಣಕಾಲಿಗೆ ಪೆಟ್ಟು ಮಾಡಿಕೊಂಡ. ಗಾಯ ಮೂಳೆಗೆ ಇಳಿದು ಕೀವುಗಟ್ಟಿತು. ಆ್ಯಂಟಿಬಯೋಟಿಕ್ ಔಷಧಿಗಳಿಲ್ಲದ ಆ ಕಾಲದಲ್ಲಿ ಮೂಳೆಯ ಸೋಂಕೆಂದರೆ ವರ್ಷಗಟ್ಟಲೆ ನರಳಾಟ, ಪದೇಪದೇ ಶಸ್ತ್ರಚಿಕಿತ್ಸೆ.

ಕುಟುಂಬ ಕೆನಡಾಕ್ಕೆ ವಲಸೆ ಬಂದು ವಿನಿಪೆಗ್ ನಗರದಲ್ಲಿ ನೆಲೆಸಿದ ಮೇಲೆ ಕಾಲು ಮತ್ತೆ ಕೆಟ್ಟಿತು. ಖಾಸಗಿ ತಜ್ಞರ ಬಳಿ ಹೋಗುವಷ್ಟು ಹಣ ತಂದೆಯ ಬಳಿ ಇರಲಿಲ್ಲ. ಧರ್ಮಾರ್ಥ ವಾರ್ಡಿನಲ್ಲಿ ಮಲಗಿದ್ದ ಹುಡುಗನ ಕಾಲನ್ನು ಕತ್ತರಿಸುವುದೇ ಸರಿ ಎಂದು ವೈದ್ಯರು ತೀರ್ಮಾನಿಸಿದ್ದರು. ಅಷ್ಟರಲ್ಲಿ ಹೆಸರಾಂತ ಮೂಳೆ ಶಸ್ತ್ರಚಿಕಿತ್ಸಕರೊಬ್ಬರು ಆ ದಾರಿಯಲ್ಲಿ ಬಂದರು. ತಮ್ಮ ವಿದ್ಯಾರ್ಥಿಗಳು ನಿಂತು ನೋಡಲು ತಂದೆತಾಯಿ ಒಪ್ಪುವುದಾದರೆ ಹಣ ಪಡೆಯದೆ ಶಸ್ತ್ರಚಿಕಿತ್ಸೆ ಮಾಡುವುದಾಗಿ ಅವರು ಹೇಳಿದರು. ಕಾಲು ಉಳಿಯಿತು.

ಮುಂದೆ ಡಗ್ಲಸ್ ಈ ಪ್ರಸಂಗವನ್ನು ಅದೆಷ್ಟೋ ಸಭೆಗಳಲ್ಲಿ ಹೇಳಿದರು. ಆದರೆ ಆ ವೈದ್ಯರ ಔದಾರ್ಯವನ್ನು ಕೊಂಡಾಡುವುದಷ್ಟೇ ಅವರ ಉದ್ದೇಶವಾಗಿರಲಿಲ್ಲ. ಆ ದಿನ ಆ ವೈದ್ಯರು ಆ ವಾರ್ಡಿಗೆ ಬಾರದಿದ್ದರೆ ಏನಾಗುತ್ತಿತ್ತು ಎಂಬುದೇ ಅವರನ್ನು ಕಾಡಿದ ಪ್ರಶ್ನೆ. ಒಂದು ಮಗುವಿನ ಕಾಲು ಉಳಿಯುವುದೂ ಹೋಗುವುದೂ ಯಾರದೋ ದಯೆಯ ಮೇಲೆ, ಯಾವುದೋ ಆಕಸ್ಮಿಕದ ಮೇಲೆ ನಿಲ್ಲಬಾರದು ಎಂಬ ನಿಲುವಿಗೆ ಅವರು ಬಂದರು. ದಾನ ಬೇರೆ, ಹಕ್ಕು ಬೇರೆ ಎಂಬ ಈ ತಿಳಿವೇ ಅವರ ರಾಜಕೀಯದ ಬೇರು.

ಅಚ್ಚುಕೂಟದಿಂದ ದೇವಾಲಯಕ್ಕೆ

ಮೊದಲ ಮಹಾಯುದ್ಧದ ವರ್ಷಗಳನ್ನು ಕುಟುಂಬ ಸ್ಕಾಟ್ಲೆಂಡಿನಲ್ಲಿಯೇ ಕಳೆಯಿತು. ಯುದ್ಧ ಮುಗಿದ ಮೇಲೆ ಮತ್ತೆ ವಿನಿಪೆಗ್‌ಗೆ ಮರಳಿದಾಗ ಟಾಮಿ ಹದಿಹರೆಯದ ಹುಡುಗ. 1919ರ ಬೇಸಿಗೆಯಲ್ಲಿ ಆ ನಗರದ ಸಾರ್ವತ್ರಿಕ ಮುಷ್ಕರ ನಡೆಯಿತು. ಜೂನ್ 21ರಂದು ಕುದುರೆ ಸವಾರಿ ಪೊಲೀಸರು ಮೆರವಣಿಗೆಯ ಮೇಲೆ ನುಗ್ಗಿ ಗುಂಡು ಹಾರಿಸಿದ್ದನ್ನು ಅವರು ಕಟ್ಟಡವೊಂದರ ಮಾಳಿಗೆಯ ಮೇಲಿಂದ ಕಣ್ಣಾರೆ ಕಂಡರು.

ಶಾಲೆ ಬಿಟ್ಟು ಮುದ್ರಣಾಲಯ ಸೇರಿ ಅಚ್ಚಿನ ಕೆಲಸ ಕಲಿತರು. ಹಿಂದೆ ಕತ್ತರಿಸಬೇಕೆಂದಿದ್ದ ಕಾಲಿನ ಮೇಲೇ ನಿಂತು ಬಾಕ್ಸಿಂಗ್ ಅಭ್ಯಾಸ ಮಾಡಿ 1922 ಮತ್ತು 1923ರಲ್ಲಿ ಮ್ಯಾನಿಟೋಬಾ ಪ್ರಾಂತ್ಯದ ಲೈಟ್‌ವೇಟ್ ಪಟ್ಟ ಗೆದ್ದರು. 1924ರಲ್ಲಿ ಬ್ರ್ಯಾಂಡನ್ ಕಾಲೇಜು ಸೇರಿ ಧರ್ಮಶಾಸ್ತ್ರ ಓದಿದರು. ಧರ್ಮವೆಂದರೆ ಪರಲೋಕದ ಮಾತಷ್ಟೇ ಅಲ್ಲ, ಇಹಲೋಕದ ಅನ್ಯಾಯವನ್ನು ಸರಿಪಡಿಸುವುದೂ ಅದರ ಕೆಲಸ ಎಂಬ ವಿಚಾರಧಾರೆ ಅಲ್ಲಿ ಪ್ರಬಲವಾಗಿತ್ತು. 1930ರಲ್ಲಿ ಇರ್ಮಾ ಡೆಂಪ್ಸಿ ಅವರನ್ನು ಮದುವೆಯಾಗಿ, ಸಸ್ಕಾಚೆವಾನ್ ಪ್ರಾಂತ್ಯದ ವೇಬರ್ನ್ ಎಂಬ ಸಣ್ಣ ಊರಿನ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಪಾದ್ರಿಯಾಗಿ ನಿಂತರು.

ಅದು ಮಹಾ ಆರ್ಥಿಕ ಕುಸಿತದ ಕಾಲ. ಗೋಧಿಯನ್ನೇ ನಂಬಿದ್ದ ಸಸ್ಕಾಚೆವಾನ್‌ಗೆ ಬೆಲೆ ಕುಸಿತದ ಜೊತೆಗೆ ಬರಗಾಲವೂ ಬಂದೊದಗಿತ್ತು. ಹೊಲದ ಮೇಲ್ಮಣ್ಣು ಗಾಳಿಗೆ ಹಾರಿಹೋಗುತ್ತಿತ್ತು. ವೈದ್ಯರ ಶುಲ್ಕ ತೆರಲಾಗದ ರೈತರು ಕಾಯಿಲೆ ಕೈಮೀರುವ ತನಕ ಮನೆಯಲ್ಲಿಯೇ ಇರುತ್ತಿದ್ದರು. ಸಕಾಲದಲ್ಲಿ ಚಿಕಿತ್ಸೆ ಸಿಕ್ಕಿದ್ದರೆ ಬದುಕುತ್ತಿದ್ದವರ ಅಂತ್ಯಸಂಸ್ಕಾರ ನಡೆಸಬೇಕಾಗಿ ಬಂದದ್ದು ಯುವಪಾದ್ರಿಯ ಮನಸ್ಸಿನಲ್ಲಿ ಉಳಿಯಿತು. ವೈದ್ಯರ ಪಾಡೂ ಚೆನ್ನಾಗಿರಲಿಲ್ಲ; ರೋಗಿಗಳಿಂದ ಹಣ ಹುಟ್ಟದೆ ಅವರೂ ಊರು ಬಿಡುತ್ತಿದ್ದರು.

ಈ ಪ್ರಾಂತ್ಯದ ಜನ ಅಸಹಾಯಕರಾಗಿ ಕುಳಿತವರಲ್ಲ ಎಂಬುದನ್ನೂ ಹೇಳಬೇಕು. 1915ರಷ್ಟು ಹಿಂದೆಯೇ ಸಾರ್ನಿಯಾ ಎಂಬ ಗ್ರಾಮೀಣ ಪುರಸಭೆ ತನ್ನ ಏಕೈಕ ವೈದ್ಯ ಊರು ಬಿಡದಂತೆ ತೆರಿಗೆ ಹಣದಿಂದ ವರ್ಷಕ್ಕೆ 1,500 ಡಾಲರ್ ಸಂಬಳ ಗೊತ್ತುಮಾಡಿತ್ತು. ಅಕ್ಕಪಕ್ಕದ ಊರುಗಳು ಕೂಡಿ ಆಸ್ಪತ್ರೆ ಕಟ್ಟಿಕೊಳ್ಳುವ ಪದ್ಧತಿಯೂ ಬೆಳೆದಿತ್ತು. ಡಗ್ಲಸ್ ಬಿತ್ತಿದ ಬೀಜಕ್ಕೆ ನೆಲ ಮೊದಲೇ ಹದವಾಗಿತ್ತು.

ಮರೆಯಬಾರದ ಕಳಂಕ

ಡಗ್ಲಸ್‌ರ ಬದುಕಿನಲ್ಲಿ ಅವರ ಅಭಿಮಾನಿಗಳಿಗೆ ಇರುಸುಮುರುಸಾಗುವ ಅಧ್ಯಾಯವೊಂದಿದೆ. 1933ರಲ್ಲಿ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಸ್ನಾತಕೋತ್ತರ ಪ್ರಬಂಧದಲ್ಲಿ ಅವರು ವೇಬರ್ನ್‌ನ ಕೆಲವು ಬಡ ಕುಟುಂಬಗಳನ್ನು ಅಧ್ಯಯನ ಮಾಡಿ, ಬುದ್ಧಿಮಾಂದ್ಯರೆಂದು ಗುರುತಿಸಲಾದವರಿಗೆ ಸಂತಾನಹರಣ ಚಿಕಿತ್ಸೆ ಮಾಡುವುದನ್ನು ಬೆಂಬಲಿಸಿದರು. ಸುಜನನಶಾಸ್ತ್ರದ ಹೆಸರಿನಲ್ಲಿ ಈ ವಿಚಾರ ಆಗ ಸುಶಿಕ್ಷಿತರಲ್ಲಿ ಹಬ್ಬಿತ್ತು. ನೆರೆಯ ಆಲ್ಬರ್ಟಾ ಪ್ರಾಂತ್ಯ 1928ರಲ್ಲಿಯೇ ಅದಕ್ಕೆ ಕಾನೂನು ಮಾಡಿತ್ತು.

1936ರಲ್ಲಿ ಯೂರೋಪಿಗೆ ಹೋದಾಗ ಡಗ್ಲಸ್ ಹಿಟ್ಲರನ ಜರ್ಮನಿಯನ್ನು ನೋಡಿದರು. ಆ ಬಳಿಕ ಅವರು ಈ ವಿಚಾರವನ್ನು ಮತ್ತೆ ಎತ್ತಲಿಲ್ಲ. ಮುಂದೆ ಆರೋಗ್ಯ ಸಚಿವರಾದಾಗ, ಸಂತಾನಹರಣಕ್ಕೆ ಅವಕಾಶ ಕೊಡಬೇಕೆಂಬ ಶಿಫಾರಸುಗಳು ತಮ್ಮ ಮುಂದೆ ಬಂದರೂ ಅವನ್ನು ಒಪ್ಪದೆ, ಮಾನಸಿಕ ರೋಗಿಗಳ ಚಿಕಿತ್ಸೆ ಮತ್ತು ತರಬೇತಿಯ ಕಡೆಗೆ ಸರ್ಕಾರವನ್ನು ತಿರುಗಿಸಿದರು. ತಪ್ಪು ವಿಚಾರ ಬರೆದದ್ದೂ ನಿಜ, ಅಧಿಕಾರ ಕೈಗೆ ಬಂದಾಗ ಅದನ್ನು ಆಚರಿಸದೇ ಇದ್ದದ್ದೂ ನಿಜ.

ಬರಿದಾದ ಬೊಕ್ಕಸ, ದೊಡ್ಡ ಭರವಸೆ

1932ರಲ್ಲಿ ರೈತರು, ಕಾರ್ಮಿಕರು, ಸಮಾಜವಾದಿಗಳು ಸೇರಿ ಕೋ-ಆಪರೇಟಿವ್ ಕಾಮನ್‌ವೆಲ್ತ್ ಫೆಡರೇಷನ್ ಎಂಬ ಪಕ್ಷ ಕಟ್ಟಿದರು. ಸಿಸಿಎಫ್ ಎಂಬ ಹೆಸರಿನಿಂದಲೇ ಅದು ಪ್ರಸಿದ್ಧ. ಡಗ್ಲಸ್ 1934ರ ಪ್ರಾಂತೀಯ ಚುನಾವಣೆಯಲ್ಲಿ ಸೋತು, 1935ರಲ್ಲಿ ಸಂಸತ್ತಿಗೆ ಗೆದ್ದರು. ಎರಡನೇ ಮಹಾಯುದ್ಧದಲ್ಲಿ ಸೈನ್ಯ ಸೇರಲು ಮುಂದಾದರೂ ಹಳೆಯ ಕಾಲುನೋವು ಅಡ್ಡಬಂದು ಹಾಂಕಾಂಗ್‌ಗೆ ಹೊರಟ ಪಡೆಯೊಡನೆ ಹೋಗಲಾಗಲಿಲ್ಲ. 1941ರ ಡಿಸೆಂಬರಿನಲ್ಲಿ ಆ ಪಡೆಯ ಯೋಧರಲ್ಲಿ ಹಲವರು ಮಡಿದರು, ಉಳಿದವರು ಜಪಾನೀಯರ ಸೆರೆಯಾದರು.

1944ರ ಜೂನ್ 15ರಂದು ಸಸ್ಕಾಚೆವಾನ್ ಚುನಾವಣೆ ನಡೆದು ಡಗ್ಲಸ್ ನೇತೃತ್ವದ ಸಿಸಿಎಫ್ 52ರಲ್ಲಿ 47 ಸ್ಥಾನ ಗೆದ್ದಿತು. ಉತ್ತರ ಅಮೆರಿಕದಲ್ಲಿ ಸಮಾಜವಾದಿ ಪಕ್ಷವೊಂದು ಸರ್ಕಾರ ರಚಿಸಿದ್ದು ಅಂತಹ ಮಟ್ಟದಲ್ಲಿ ಅದೇ ಮೊದಲು. ನಮ್ಮ ಮುಖ್ಯಮಂತ್ರಿಗೆ ಸಮನಾದ ಪ್ರೀಮಿಯರ್ ಹುದ್ದೆಯ ಜೊತೆಗೆ ಆರೋಗ್ಯ ಖಾತೆಯನ್ನೂ ಡಗ್ಲಸ್ ತಮ್ಮ ಬಳಿಯೇ ಇಟ್ಟುಕೊಂಡರು. ಬೇರೆ ಯಾರಿಗೆ ಕೊಟ್ಟರೂ ಹಣಕಾಸು ಸಚಿವರ ಮುಂದೆ ಆರೋಗ್ಯದ ಬೇಡಿಕೆ ಸೊರಗೀತೆಂಬ ಎಚ್ಚರ ಅದರಲ್ಲಿತ್ತು.

ಅಧಿಕಾರಕ್ಕೆ ಬಂದ ಕೆಲವೇ ತಿಂಗಳಲ್ಲಿ ವೈದ್ಯಕೀಯ ಇತಿಹಾಸಕಾರ, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಹೆನ್ರಿ ಸಿಗರಿಸ್ಟ್ ಅವರನ್ನು ಕರೆಸಿ ಪ್ರಾಂತ್ಯದ ಆರೋಗ್ಯ ಸ್ಥಿತಿಯ ಸಮೀಕ್ಷೆ ಮಾಡಿಸಿದರು. ಪ್ರಾಂತ್ಯವನ್ನು ಆರೋಗ್ಯ ವಲಯಗಳಾಗಿ ವಿಂಗಡಿಸಿ, ಹಂತಹಂತವಾಗಿ ಎಲ್ಲರಿಗೂ ಉಚಿತ ಸೇವೆ ಒದಗಿಸುವ ಗುರಿಯನ್ನು ಅವರ ವರದಿ ಮುಂದಿಟ್ಟಿತು. ಇದೇ ಸಿಗರಿಸ್ಟ್ ಅದೇ ವರ್ಷದ ಕೊನೆಯಲ್ಲಿ ಭಾರತಕ್ಕೂ ಬಂದು, ಸರ್ ಜೋಸೆಫ್ ಭೋರ್ ಅಧ್ಯಕ್ಷತೆಯ ಆರೋಗ್ಯ ಸಮೀಕ್ಷಾ ಸಮಿತಿಗೆ ಸಲಹೆ ನೀಡಿದರು ಎಂಬುದು ನಮಗೆ ಸ್ವಾರಸ್ಯದ ಸಂಗತಿ. ಹಣ ಕೊಡಲಾರನೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂಬ ತತ್ತ್ವವನ್ನು 1946ರ ಭೋರ್ ವರದಿಯೂ ಸಾರಿತು. ಒಂದೇ ವಿದ್ವಾಂಸ ಒಂದೇ ವರ್ಷದಲ್ಲಿ ನೋಡಿದ ಎರಡು ನಾಡುಗಳಲ್ಲಿ ಒಂದು ಆ ತತ್ತ್ವವನ್ನು ಕಾಲು ಶತಮಾನದೊಳಗೆ ಕಾನೂನಾಗಿಸಿತು.

ಆದರೆ ಹಣವೆಲ್ಲಿತ್ತು? ಬರಗಾಲದ ವರ್ಷಗಳ ಸಾಲದ ಹೊರೆ ಪ್ರಾಂತ್ಯದ ಹೆಗಲ ಮೇಲಿತ್ತು. ಡಗ್ಲಸ್ ಮತ್ತು ಅವರ ಹಣಕಾಸು ಸಚಿವ ಕ್ಲಾರೆನ್ಸ್ ಫೈನ್ಸ್ ಸಾಲ ಮಾಡಿ ಸವಲತ್ತು ಹಂಚುವ ದಾರಿ ಹಿಡಿಯಲಿಲ್ಲ. ಬ್ಯಾಂಕಿಗೆ ಬಡ್ಡಿಯಾಗಿ ಹೋಗುವ ಹಣ ಉಳಿದರೆ ಅದು ಆಸ್ಪತ್ರೆಗೆ ಬರುತ್ತದೆ ಎಂಬುದು ಅವರ ಲೆಕ್ಕ. ಆದ್ದರಿಂದ ಸಾಲ ತೀರಿಸುತ್ತ, ಆಯವ್ಯಯ ಸರಿದೂಗಿಸುತ್ತ, ಕೈಗೆಟುಕಿದಷ್ಟನ್ನೇ ಆರಂಭಿಸಿದರು. ವೃದ್ಧಾಪ್ಯ ವೇತನ ಪಡೆಯುವವರಿಗೆ ಉಚಿತ ಚಿಕಿತ್ಸೆ, ಕ್ಯಾನ್ಸರ್ ರೋಗಿಗಳಿಗೆ ಉಚಿತ ತಪಾಸಣೆ ಮತ್ತು ಆರೈಕೆ, 1946ರಲ್ಲಿ ದೂರದ ಹಳ್ಳಿಗಳಿಂದ ರೋಗಿಗಳನ್ನು ಕರೆತರುವ ವಿಮಾನ ಆ್ಯಂಬುಲೆನ್ಸ್ ಹೀಗೆ ಒಂದೊಂದಾಗಿ ಬಂದವು.

ಮೊದಲು ಆಸ್ಪತ್ರೆ, ಆಮೇಲೆ ವೈದ್ಯ

1945ರಲ್ಲಿ ಒಟ್ಟಾವಾ ಸರ್ಕಾರ ಆರೋಗ್ಯ ವಿಮೆಯ ವೆಚ್ಚವನ್ನು ಪ್ರಾಂತ್ಯಗಳ ಜೊತೆ ಹಂಚಿಕೊಳ್ಳುವ ಪ್ರಸ್ತಾವ ಮಾಡಿತ್ತು. ಆದರೆ ತೆರಿಗೆ ಅಧಿಕಾರದ ವಿಚಾರದಲ್ಲಿ ದೊಡ್ಡ ಪ್ರಾಂತ್ಯಗಳೊಡನೆ ಜಗಳ ಬಂದು 1946ರಲ್ಲಿ ಮಾತುಕತೆ ಮುರಿಯಿತು. ಕೆನಡಾದ ಸಂವಿಧಾನದಲ್ಲಿ ಆಸ್ಪತ್ರೆಗಳು ಪ್ರಾಂತ್ಯದ ಹೊಣೆ. ತೆರಿಗೆಯ ದೊಡ್ಡ ಪಾಲು ಕೇಂದ್ರದ್ದು. ಹೊಣೆ ಒಬ್ಬರದು, ಹಣ ಇನ್ನೊಬ್ಬರದು ಎಂಬ ಈ ತೊಡಕು ನಮಗೂ ಅಪರಿಚಿತವಲ್ಲ. ಡಗ್ಲಸ್ ಕೇಂದ್ರಕ್ಕಾಗಿ ಕಾಯದೆ ಒಂಟಿಯಾಗಿ ಹೊರಟರು.

1946ರ ಜುಲೈ 1ರಂದು ಸ್ವಿಫ್ಟ್ ಕರೆಂಟ್ ಎಂಬ ವಲಯದಲ್ಲಿ ಪ್ರಯೋಗ ಆರಂಭವಾಯಿತು. ಅಲ್ಲಿನ ಸುಮಾರು 50,000 ಜನ ತಲಾ ತೆರಿಗೆ ಮತ್ತು ಭೂತೆರಿಗೆಯ ಮೂಲಕ ತಮ್ಮ ವೈದ್ಯಕೀಯ ವೆಚ್ಚವನ್ನು ತಾವೇ ಕೂಡಿ ಭರಿಸಿದರು. ವೈದ್ಯರಿಗೆ ಸಂಬಳವಲ್ಲ, ನೋಡಿದ ರೋಗಿಯ ಲೆಕ್ಕದಲ್ಲಿಯೇ ಶುಲ್ಕ ಸಂದಾಯವಾಯಿತು. ಬಿಲ್ಲಿನ ಹಣ ಖಚಿತವಾಗಿ ಬರುತ್ತದೆ ಎಂದಾದಾಗ ಆ ವಲಯಕ್ಕೆ ಹೊಸ ವೈದ್ಯರೂ ಬಂದು ನೆಲೆಸಿದರು.

1947ರ ಜನವರಿ 1ರಿಂದ ಇಡೀ ಪ್ರಾಂತ್ಯಕ್ಕೆ ಆಸ್ಪತ್ರೆ ವಿಮೆ ಜಾರಿಗೆ ಬಂದಿತು. ತಲೆಗೆ ವರ್ಷಕ್ಕೆ 5 ಡಾಲರ್ ಕಂತು. ಕುಟುಂಬ ಎಷ್ಟೇ ದೊಡ್ಡದಿರಲಿ 30 ಡಾಲರಿಗಿಂತ ಹೆಚ್ಚಿಲ್ಲ. ಕಂತು ಕಟ್ಟುವುದು ಇಷ್ಟಕ್ಕೆ ಬಿಟ್ಟ ವಿಷಯವಾಗಿರಲಿಲ್ಲ, ಕಡ್ಡಾಯವಾಗಿತ್ತು. ಇಷ್ಟಕ್ಕೆ ಬಿಟ್ಟರೆ ರೋಗಿಗಳಷ್ಟೇ ಸೇರಿ, ಆರೋಗ್ಯವಂತರು ಹೊರಗುಳಿದು, ಯಾವ ವಿಮೆಯೂ ಮುಳುಗುತ್ತದೆ ಎಂಬುದನ್ನು ಯೋಜಕರು ಅರಿತಿದ್ದರು. ಚೀಟಿ ತೋರಿಸಿ ಆಸ್ಪತ್ರೆಗೆ ಸೇರಿದವನಿಗೆ ಬಿಡುಗಡೆಯ ದಿನ ಬಿಲ್ಲಿನ ಭಯವಿರಲಿಲ್ಲ. ಉತ್ತರ ಅಮೆರಿಕದಲ್ಲಿ ಇಂಥ ಸಾರ್ವತ್ರಿಕ ಆಸ್ಪತ್ರೆ ವಿಮೆ ಇದೇ ಮೊದಲು.

ತೊಂದರೆಗಳೂ ಜೊತೆಗೇ ಬಂದವು. ಅಷ್ಟುದಿನ ನೋವು ನುಂಗಿಕೊಂಡಿದ್ದ ಜನ ಒಮ್ಮೆಗೇ ಆಸ್ಪತ್ರೆಗಳ ಕಡೆ ನಡೆದರು. ಹಾಸಿಗೆಗಳು ಸಾಲದಾದವು. ಕಂತಿನ ಹಣ ವೆಚ್ಚಕ್ಕೆ ಸಾಲದೆ ಬೊಕ್ಕಸದಿಂದ ತುಂಬಿಕೊಡಬೇಕಾಯಿತು. ವಿಮೆ ಕೊಟ್ಟ ಮಾತ್ರಕ್ಕೆ ಚಿಕಿತ್ಸೆ ಸಿಗುವುದಿಲ್ಲ, ಅದನ್ನು ಕೊಡುವ ಕಟ್ಟಡ, ದಾದಿ, ವೈದ್ಯರೂ ಇರಬೇಕು ಎಂಬ ಪಾಠ ಆಗ ಕಲಿತದ್ದು. ಆದ್ದರಿಂದ ಸರ್ಕಾರ ಆಸ್ಪತ್ರೆ ಕಟ್ಟುವ ಕೆಲಸಕ್ಕೆ ನೆರವು ನೀಡಿತು. ಸಸ್ಕಾಟೂನ್‌ನಲ್ಲಿ ವಿಶ್ವವಿದ್ಯಾಲಯದ ಆಸ್ಪತ್ರೆ 1955ರಲ್ಲಿ ತೆರೆಯಿತು.

ಐದನೆಯ ಸೂತ್ರ

ಆಸ್ಪತ್ರೆಯ ಖರ್ಚು ವಿಮೆಗೆ ಸೇರಿತಾದರೂ ವೈದ್ಯರ ಶುಲ್ಕ ಹೊರಗೇ ಉಳಿದಿತ್ತು. ಅದನ್ನು ಒಳಗೆ ತರಲು ಡಗ್ಲಸ್ ಮತ್ತೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಕಾದರು. 1957ರಲ್ಲಿ ಕೇಂದ್ರ ಸಂಸತ್ತು ಆಸ್ಪತ್ರೆ ವಿಮೆಯ ಕಾನೂನು ಮಾಡಿ, 1958ರ ಜುಲೈಯಿಂದ ವೆಚ್ಚದ ಸುಮಾರು ಅರ್ಧಭಾಗವನ್ನು ತಾನು ಕೊಡತೊಡಗಿತು. ಹೀಗೆ ಉಳಿದ ಪ್ರಾಂತ್ಯದ ಹಣವನ್ನು ವೈದ್ಯರ ಸೇವೆಯ ವಿಮೆಗೆ ತೊಡಗಿಸಬಹುದೆಂದು ಡಗ್ಲಸ್ ಕಂಡರು.

1959ರ ಡಿಸೆಂಬರಿನಲ್ಲಿ ರೇಡಿಯೋ ಭಾಷಣದಲ್ಲಿ ಅವರು ಯೋಜನೆಯ ಐದು ಸೂತ್ರಗಳನ್ನು ಪ್ರಕಟಿಸಿದರು. ಕಂತನ್ನು ಮುಂಚಿತವಾಗಿಯೇ ಕಟ್ಟಬೇಕು. ಎಲ್ಲರೂ ಅದರಲ್ಲಿ ಸೇರಿರಬೇಕು. ಸೇವೆಯ ಗುಣಮಟ್ಟ ಉತ್ತಮವಾಗಿರಬೇಕು. ಸಾರ್ವಜನಿಕ ಸಂಸ್ಥೆಯೊಂದು ಅದನ್ನು ನಡೆಸಬೇಕು. ಸೇವೆ ಪಡೆಯುವವರಿಗೂ ಕೊಡುವವರಿಗೂ ಅದು ಒಪ್ಪಿಗೆಯಾಗಬೇಕು. ಮೊದಲ ನಾಲ್ಕು ಸೂತ್ರಗಳನ್ನು ಶಾಸನಸಭೆ ತನ್ನ ಬಲದಿಂದ ಮಾಡಬಲ್ಲದು. ಐದನೆಯದು ಮಾತ್ರ ವೈದ್ಯರ ಕೈಯಲ್ಲಿತ್ತು. ಆ ಸೂತ್ರವೇ ಮುಂದೆ ಕಂಟಕವಾಯಿತು.

ಹದಿನೈದು ವರ್ಷಗಳಲ್ಲಿ ವೈದ್ಯರ ಸ್ಥಿತಿ ಬದಲಾಗಿತ್ತು. ಬರಗಾಲದ ದಿನಗಳಲ್ಲಿ ಆರೋಗ್ಯ ವಿಮೆ ಬರಲಿ ಎಂದವರೇ ಈಗ ಬೇಡವೆನ್ನುತ್ತಿದ್ದರು. ಗೋಧಿಯ ಬೆಲೆ ಏರಿ ರೋಗಿಗಳ ಕೈಯಲ್ಲಿ ಕಾಸು ಆಡುತ್ತಿತ್ತು. ವೈದ್ಯರೇ ನಡೆಸುವ ಮುಂಗಡ ಪಾವತಿ ಸಂಸ್ಥೆಗಳು ಬೆಳೆದಿದ್ದವು. ತೀರ ಬಡವರ ಕಂತನ್ನು ಸರ್ಕಾರ ಕಟ್ಟಲಿ, ಉಳಿದವರನ್ನು ಈ ಸಂಸ್ಥೆಗಳಿಗೆ ಬಿಡಲಿ ಎಂಬುದು ಅವರ ವಾದ. ಹಾಗೆ ಮಾಡಿದರೆ ಬಡವನೆಂದು ಸಾಬೀತುಪಡಿಸಿಕೊಳ್ಳುವ ಅವಮಾನ ಉಳಿಯುತ್ತದೆ, ಅನುಕೂಲಸ್ಥರೂ ಅನನುಕೂಲಸ್ಥರೂ ಒಂದೇ ನಿಧಿಯಲ್ಲಿ ಸೇರುವುದಿಲ್ಲ ಎಂಬುದು ಡಗ್ಲಸ್‌ರ ಉತ್ತರ. 1955ರಲ್ಲಿ ಸ್ವಿಫ್ಟ್ ಕರೆಂಟ್ ಮಾದರಿಯನ್ನು ಇನ್ನೆರಡು ವಲಯಗಳಿಗೆ ವಿಸ್ತರಿಸುವ ಪ್ರಸ್ತಾವ ವೈದ್ಯರ ವಿರೋಧದ ನಡುವೆ ಜನಮತದಲ್ಲಿಯೇ ಸೋತಿತ್ತು. ಅದೇ ಮುನ್ಸೂಚನೆಯಾಗಿತ್ತು.

ವೈದ್ಯರ ಭಯವೆಲ್ಲ ಸ್ವಾರ್ಥವೆಂದು ತಳ್ಳಿಹಾಕುವಂತಿಲ್ಲ. ಹಣ ಕೊಡುವವನು ಒಬ್ಬನೇ ಆದರೆ ಅವನು ಹೇಳಿದ್ದೇ ಶುಲ್ಕ, ಅವನು ಹೇಳಿದ್ದೇ ಚಿಕಿತ್ಸೆ ಆಗಬಹುದೆಂಬ ಆತಂಕ ಅವರಿಗಿತ್ತು. ಬ್ರಿಟನ್ನಿನಿಂದ ಬಂದಿದ್ದ ಅನೇಕ ವೈದ್ಯರಿಗೆ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆ ಇಷ್ಟವಾಗಿರಲಿಲ್ಲ.

1960ರ ಜೂನ್ ಚುನಾವಣೆಯಲ್ಲಿ ವೈದ್ಯರ ಸಂಘ ಚಂದಾ ಎತ್ತಿ ಯೋಜನೆಯ ವಿರುದ್ಧ ಭಾರಿ ಪ್ರಚಾರ ನಡೆಸಿತು. ವೈದ್ಯರೆಲ್ಲ ಪ್ರಾಂತ್ಯ ಬಿಟ್ಟುಹೋದಾರು ಎಂಬ ಭೀತಿ ಹಬ್ಬಿತು. ಆದರೂ ಸಿಸಿಎಫ್ ನಿಚ್ಚಳ ಬಹುಮತದಿಂದ ಗೆದ್ದಿತು. ಮತದಾರರ ಒಪ್ಪಿಗೆ ಸಿಕ್ಕಿತು. ವೈದ್ಯರ ಒಪ್ಪಿಗೆ ಸಿಗಲಿಲ್ಲ. ನಿವೃತ್ತ ಕುಲಪತಿ ಡಬ್ಲ್ಯು.ಪಿ. ಥಾಂಪ್ಸನ್ ಅಧ್ಯಕ್ಷತೆಯ ಸಲಹಾ ಸಮಿತಿಯಲ್ಲಿ ವೈದ್ಯರ ಪ್ರತಿನಿಧಿಗಳೂ ಇದ್ದರು. 1961ರ ಸೆಪ್ಟೆಂಬರಿನಲ್ಲಿ ಬಂದ ಅದರ ಮಧ್ಯಂತರ ವರದಿಯಲ್ಲಿ ಬಹುಮತ ಸಾರ್ವತ್ರಿಕ ವಿಮೆಯ ಪರವಾಗಿದ್ದರೆ, ವೈದ್ಯರ ಪ್ರತಿನಿಧಿಗಳು ಭಿನ್ನಮತ ಬರೆದರು.

ಇಷ್ಟರಲ್ಲಿ ಸಿಸಿಎಫ್ ಮತ್ತು ಕಾರ್ಮಿಕ ಸಂಘಟನೆಗಳು ಸೇರಿ ನ್ಯೂ ಡೆಮಾಕ್ರಟಿಕ್ ಪಕ್ಷ ಹುಟ್ಟಿತು. 1961ರ ಆಗಸ್ಟಿನಲ್ಲಿ ಡಗ್ಲಸ್ ಅದರ ಮೊದಲ ರಾಷ್ಟ್ರೀಯ ನಾಯಕರಾಗಿ ಆಯ್ಕೆಯಾದರು. ನವೆಂಬರಿನಲ್ಲಿ ಪ್ರೀಮಿಯರ್ ಹುದ್ದೆಗೆ ರಾಜೀನಾಮೆ ಕೊಟ್ಟರು. ವೈದ್ಯಕೀಯ ವಿಮೆಯ ಮಸೂದೆ ಅಂಗೀಕಾರವಾಗಿ ಅದೇ ತಿಂಗಳ 17ರಂದು ಕಾನೂನಾಯಿತು. ಅದನ್ನು ಜಾರಿಗೆ ತರುವ ಭಾರ ಬಿದ್ದದ್ದು ಅವರ ಉತ್ತರಾಧಿಕಾರಿ, ಶಾಲಾ ಶಿಕ್ಷಕರಾಗಿದ್ದ ವುಡ್ರೊ ಲಾಯ್ಡ್ ಅವರ ಹೆಗಲಿಗೆ. ಕಾನೂನಿನ ಕೀರ್ತಿ ಡಗ್ಲಸ್‌ಗೆ ಸಂದರೂ ಬಿರುಗಾಳಿಗೆ ಎದೆಗೊಟ್ಟವರು ಲಾಯ್ಡ್ ಎಂಬುದನ್ನು ಇತಿಹಾಸಕಾರರು ಮರೆಯದೆ ಹೇಳುತ್ತಾರೆ.

23 ದಿನಗಳ ಮುಷ್ಕರ

ಯೋಜನೆ 1962ರ ಏಪ್ರಿಲ್ 1ರಂದು ಆರಂಭವಾಗಬೇಕಿತ್ತು. ವೈದ್ಯರ ಜೊತೆ ಮಾತುಕತೆಗೆಂದು ಜುಲೈ 1ಕ್ಕೆ ಮುಂದೂಡಲಾಯಿತು. ಮೇ ತಿಂಗಳಲ್ಲಿ ಲಾಯ್ಡ್ ವೈದ್ಯರ ಸಭೆಗೆ ತಾವೇ ಹೋಗಿ ಮಾತನಾಡಿದರೂ ಸಭೆ ಒಗ್ಗಟ್ಟಿನಿಂದ ನಿರಾಕರಿಸಿತು. ಜೂನ್ 18ರ ಕೇಂದ್ರ ಚುನಾವಣೆಯಲ್ಲಿ ರೆಜೈನಾ ನಗರದಿಂದ ಸ್ಪರ್ಧಿಸಿದ್ದ ಡಗ್ಲಸ್ ತಮ್ಮ ತವರು ಪ್ರಾಂತ್ಯದಲ್ಲಿಯೇ ಸೋತರು. ಆರೋಗ್ಯ ವಿಮೆಯ ಮೇಲಿನ ರೋಷದ ಮೊದಲ ಪೆಟ್ಟು ಅದರ ಕರ್ತೃವಿಗೇ ಬಿತ್ತು.

ಜುಲೈ 1ರಂದು ವಿಮೆ ಜಾರಿಗೆ ಬಂದಿತು. ವ್ಯಕ್ತಿಗೆ ವರ್ಷಕ್ಕೆ 12 ಡಾಲರ್, ಕುಟುಂಬಕ್ಕೆ 24 ಡಾಲರ್ ಕಂತು. ಅದೇ ದಿನ ಪ್ರಾಂತ್ಯದ ಬಹುಪಾಲು ವೈದ್ಯರು ತಮ್ಮ ಚಿಕಿತ್ಸಾಲಯಗಳ ಬಾಗಿಲು ಮುಚ್ಚಿದರು. ಆಯ್ದ ಕೆಲವು ಆಸ್ಪತ್ರೆಗಳಲ್ಲಿ ಮಾತ್ರ ತುರ್ತು ಸೇವೆ ಉಳಿಯಿತು. ಮೊದಲ ದಿನವೇ, ತೀವ್ರ ಜ್ವರದ ಕೂಸೊಂದನ್ನು ಹೊತ್ತು ತೆರೆದಿರುವ ಆಸ್ಪತ್ರೆ ಹುಡುಕುತ್ತ ಹೊರಟ ತಂದೆತಾಯಿಯ ಕೈಯಲ್ಲಿಯೇ ಅದು ಅಸುನೀಗಿತು. ಯಾರ ಹಠಕ್ಕೆ ಯಾರು ಬೆಲೆ ತೆರುತ್ತಾರೆಂಬುದನ್ನು ಆ ಸಾವು ಎರಡು ಕಡೆಯವರಿಗೂ ತೋರಿಸಿತು.

ಬಸುರಿಯರು, ಮಕ್ಕಳಿರುವ ತಾಯಂದಿರು ತಮ್ಮ ವೈದ್ಯರನ್ನು ಉಳಿಸಿಕೊಡಿ ಎಂದು ಸಮಿತಿ ಕಟ್ಟಿಕೊಂಡು ಬೀದಿಗಿಳಿದರು. ಸರ್ಕಾರ ಬ್ರಿಟನ್ ಮತ್ತಿತರ ಕಡೆಗಳಿಂದ ವೈದ್ಯರನ್ನು ಕರೆಸಿತು. ಹಲವೆಡೆ ಜನರೇ ಸಹಕಾರಿ ತತ್ತ್ವದ ಮೇಲೆ ಸಮುದಾಯ ಚಿಕಿತ್ಸಾಲಯಗಳನ್ನು ತೆರೆದರು. ಜುಲೈ 11ರಂದು ರೆಜೈನಾದ ಶಾಸನಸಭೆಯ ಮುಂದೆ ನಡೆದ ಪ್ರತಿಭಟನೆಗೆ ಹತ್ತಾರು ಸಾವಿರ ಜನ ಬರುವರೆಂದು ಸಂಘಟಕರು ಹೇಳಿಕೊಂಡಿದ್ದರು; ಬಂದವರು ಕೆಲವೇ ಸಾವಿರ. ಅಲ್ಲಿಂದ ಮುಷ್ಕರದ ಕಾವು ಇಳಿಯತೊಡಗಿತು.

ಬ್ರಿಟಿಷ್ ಲೇಬರ್ ಪಕ್ಷದವರೂ ಸ್ವತಃ ವೈದ್ಯರೂ ಆಗಿದ್ದ ಲಾರ್ಡ್ ಸ್ಟೀಫನ್ ಟೇಲರ್ ಸಂಧಾನಕ್ಕೆ ನಿಂತರು. ಪರಸ್ಪರ ಮುಖ ನೋಡಲು ಇಷ್ಟವಿಲ್ಲದ ಎರಡು ಪಕ್ಷಗಳ ನಡುವೆ ಓಡಾಡಿ ಜುಲೈ 23ರಂದು ಸಸ್ಕಾಟೂನ್ ಒಪ್ಪಂದಕ್ಕೆ ಸಹಿ ಹಾಕಿಸಿದರು. ಒಪ್ಪಂದದಲ್ಲಿ ಇಬ್ಬರೂ ಸ್ವಲ್ಪ ಸ್ವಲ್ಪ ಬಗ್ಗಿದ್ದರು. ವಿಮೆ ಎಲ್ಲರಿಗೂ, ಕಡ್ಡಾಯವಾಗಿ, ಸರ್ಕಾರದ ಕೈಯಲ್ಲಿಯೇ ಉಳಿಯಿತು. ವೈದ್ಯರು ಸರ್ಕಾರಿ ನೌಕರರಾಗಲಿಲ್ಲ. ನೋಡಿದ ರೋಗಿಯ ಲೆಕ್ಕದ ಶುಲ್ಕವೇ ಮುಂದುವರಿಯಿತು. ಬೇಕೆಂದವರು ಯೋಜನೆಯ ಹೊರಗೆ ವೃತ್ತಿ ನಡೆಸಬಹುದಿತ್ತು. ಬಿಲ್ಲುಗಳನ್ನು ಹಳೆಯ ಮುಂಗಡ ಪಾವತಿ ಸಂಸ್ಥೆಗಳ ಮೂಲಕ ಕಳಿಸಬಹುದಿತ್ತು.

ಈ ರಾಜಿಗೆ ಒಂದು ಬೆಲೆಯೂ ಇತ್ತು. ವೈದ್ಯರನ್ನು ಸಂಬಳದ ಮೇಲೆ ಇಟ್ಟು, ರೋಗ ಬರದಂತೆ ತಡೆಯುವ ಕೆಲಸಕ್ಕೆ ಒತ್ತುಕೊಡುವ ಸಿಗರಿಸ್ಟ್ ಕಾಲದ ಕನಸು ಬದಿಗೆ ಸರಿಯಿತು. ವಿಮೆ ಗೆದ್ದಿತು, ಆದರೆ ವೈದ್ಯಕೀಯ ಹಳೆಯ ಹಾದಿಯಲ್ಲಿಯೇ ನಡೆಯಿತು.

ಪ್ರಾಂತ್ಯದಿಂದ ದೇಶಕ್ಕೆ

ಮುಷ್ಕರ ಮುಗಿದ ಮೇಲೆ ವೈದ್ಯರು ತಾವು ಭಯಪಟ್ಟಷ್ಟು ಕೆಡುಕಾಗಲಿಲ್ಲವೆಂಬುದನ್ನು ಕಂಡರು. ಬಾರದ ಬಾಕಿಗಳ ಕಾಟ ತಪ್ಪಿ ಅವರ ವರಮಾನವೇ ಏರಿತು. 1964ರಲ್ಲಿ ಸಿಸಿಎಫ್ ಸೋತು ಲಿಬರಲ್ ಪಕ್ಷದ ರಾಸ್ ಥ್ಯಾಚರ್ ಅಧಿಕಾರಕ್ಕೆ ಬಂದರೂ ಯೋಜನೆಯನ್ನು ರದ್ದು ಮಾಡಲಿಲ್ಲ. 1968ರಲ್ಲಿ ಅವರು ರೋಗಿಗಳ ಮೇಲೆ ಹಾಕಿದ ಬಳಕೆ ಶುಲ್ಕವನ್ನು 1971ರಲ್ಲಿ ಬಂದ ಮುಂದಿನ ಸರ್ಕಾರ ತೆಗೆದುಹಾಕಿತು. ಎಲ್ಲರೂ ಬಳಸುವ ಸೌಲಭ್ಯವನ್ನು ಕಿತ್ತುಕೊಳ್ಳುವುದು ಯಾವ ಪಕ್ಷಕ್ಕೂ ಸುಲಭವಲ್ಲ ಎಂಬ ಡಗ್ಲಸ್‌ರ ನಂಬಿಕೆ ಹುಸಿಯಾಗಲಿಲ್ಲ.

ಇತ್ತ ಕೇಂದ್ರದಲ್ಲಿ ಕನ್ಸರ್ವೇಟಿವ್ ಪ್ರಧಾನಿ ಜಾನ್ ಡೀಫನ್‌ಬೇಕರ್ 1961ರಲ್ಲಿ ನ್ಯಾಯಮೂರ್ತಿ ಎಮ್ಮೆಟ್ ಹಾಲ್ ಅವರ ನೇತೃತ್ವದಲ್ಲಿ ಆಯೋಗ ನೇಮಿಸಿದ್ದರು. ಡೀಫನ್‌ಬೇಕರ್ ಅವರೂ ಹಾಲ್ ಅವರೂ ಸಸ್ಕಾಚೆವಾನ್‌ನವರೇ. ಸಂಪ್ರದಾಯಸ್ಥರೆಂದು ಹೆಸರಾಗಿದ್ದ ಹಾಲ್ ತಮ್ಮ ಪ್ರಾಂತ್ಯದ ಮಾದರಿಯನ್ನು ದೇಶಕ್ಕೆಲ್ಲ ವಿಸ್ತರಿಸಬೇಕೆಂದು 1964ರಲ್ಲಿ ಶಿಫಾರಸು ಮಾಡಿ ಅನೇಕರನ್ನು ಚಕಿತಗೊಳಿಸಿದರು.

ಡಗ್ಲಸ್ 1962ರ ಅಕ್ಟೋಬರಿನಲ್ಲಿ ಬ್ರಿಟಿಷ್ ಕೊಲಂಬಿಯಾದ ಉಪಚುನಾವಣೆಯೊಂದರಲ್ಲಿ ಗೆದ್ದು ಸಂಸತ್ತಿಗೆ ಮರಳಿದ್ದರು. ಲೆಸ್ಟರ್ ಪಿಯರ್ಸನ್‌ರ ಲಿಬರಲ್ ಸರ್ಕಾರಕ್ಕೆ ಬಹುಮತವಿರಲಿಲ್ಲ. ಆ ಸಂದರ್ಭವನ್ನು ಬಳಸಿಕೊಂಡು ಡಗ್ಲಸ್‌ರ ಪಕ್ಷ ಆರೋಗ್ಯ ವಿಮೆಗೆ ಒತ್ತಡ ಹೇರುತ್ತಲೇ ಇತ್ತು. 1966ರ ಡಿಸೆಂಬರಿನಲ್ಲಿ ವೈದ್ಯಕೀಯ ಆರೈಕೆ ಕಾನೂನು ಸಂಸತ್ತಿನಲ್ಲಿ 177 ಮತಗಳ ಪರ, ಕೇವಲ 2 ಮತಗಳ ವಿರೋಧದೊಡನೆ ಅಂಗೀಕಾರವಾಯಿತು. ಹಣದ ಚಿಂತೆಯಿಂದ ಒಂದು ವರ್ಷ ತಡವಾಗಿ 1968ರ ಜುಲೈ 1ರಂದು ಜಾರಿಗೆ ಬಂದಿತು.

ಕೇಂದ್ರ ಇಲ್ಲಿ ಜಾಣತನ ತೋರಿತು. ಆರೋಗ್ಯ ಪ್ರಾಂತ್ಯದ ವಿಷಯವಾದ್ದರಿಂದ ತಾನೇ ಯೋಜನೆ ನಡೆಸಲು ಹೋಗಲಿಲ್ಲ. ಎಲ್ಲರನ್ನೂ ಒಳಗೊಳ್ಳುವ, ಎಲ್ಲ ಅಗತ್ಯ ವೈದ್ಯ ಸೇವೆಗಳನ್ನು ಒದಗಿಸುವ, ಸಾರ್ವಜನಿಕ ಆಡಳಿತವುಳ್ಳ, ಬೇರೆ ಪ್ರಾಂತ್ಯಕ್ಕೆ ಹೋದರೂ ನಡೆಯುವ ವಿಮೆಯನ್ನು ಯಾವ ಪ್ರಾಂತ್ಯ ಮಾಡಿದರೂ ಅದರ ವೆಚ್ಚದಲ್ಲಿ ಪಾಲು ಕೊಡುವುದಾಗಿ ಹೇಳಿತು. ಒಪ್ಪದ ಪ್ರಾಂತ್ಯದ ಜನ ತೆರಿಗೆ ಕಟ್ಟಿಯೂ ಸೌಲಭ್ಯ ಕಾಣದೆ ಉಳಿಯಬೇಕಾಗುತ್ತಿತ್ತು. ಗೊಣಗುತ್ತಲೇ ಒಂದೊಂದು ಪ್ರಾಂತ್ಯವಾಗಿ ಬಂದು ಸೇರಿ, 1971ರ ವೇಳೆಗೆ ಹತ್ತೂ ಪ್ರಾಂತ್ಯಗಳು ಒಳಗಾದವು.

ಕಾನೂನು ಜಾರಿಯಾದ ವರ್ಷವೇ ಡಗ್ಲಸ್ ಮತ್ತೆ ಚುನಾವಣೆಯಲ್ಲಿ ಸೋತರು. ಅಂತರ 138 ಮತ. 1969ರಲ್ಲಿ ನನೈಮೊ ಕ್ಷೇತ್ರದಿಂದ ಮತ್ತೆ ಗೆದ್ದರು. 1970ರಲ್ಲಿ ಟ್ರೂಡೊ ಸರ್ಕಾರ ಯುದ್ಧಕಾಲದ ಕಾನೂನು ಹೇರಿ ನಾಗರಿಕ ಹಕ್ಕುಗಳನ್ನು ಅಮಾನತಿನಲ್ಲಿಟ್ಟಾಗ ಜನಾಭಿಪ್ರಾಯದ ವಿರುದ್ಧ ನಿಂತು ಪ್ರತಿಭಟಿಸಿದರು. 1971ರಲ್ಲಿ ಪಕ್ಷದ ನಾಯಕತ್ವವನ್ನೂ 1979ರಲ್ಲಿ ಸಂಸತ್ತನ್ನೂ ಬಿಟ್ಟರು.

ಉಳಿದುಹೋದ ಕೆಲಸ

ನಿವೃತ್ತಿಯ ದಿನಗಳಲ್ಲಿ ಡಗ್ಲಸ್ ತೃಪ್ತರಾಗಿ ಕುಳಿತಿರಲಿಲ್ಲ. ವಿಮೆಯ ದರದ ಮೇಲೆ ವೈದ್ಯರು ರೋಗಿಗಳಿಂದ ಪ್ರತ್ಯೇಕ ಹಣ ಪಡೆಯುವ ಪರಿಪಾಠ ಹಲವು ಪ್ರಾಂತ್ಯಗಳಲ್ಲಿ ಬೆಳೆಯುತ್ತಿತ್ತು. ಮುಂಬಾಗಿಲಿನಿಂದ ಹೊರಹಾಕಿದ ಶುಲ್ಕ ಹಿತ್ತಲಿನಿಂದ ಒಳಬರುತ್ತಿದೆ ಎಂದು ಅವರು ಎಚ್ಚರಿಸಿದರು. 1984ರ ಕೆನಡಾ ಆರೋಗ್ಯ ಕಾನೂನು ಇಂಥ ಹೆಚ್ಚುವರಿ ಬಿಲ್ಲಿಗೆ ತಡೆ ಹಾಕಿ, ಅದಕ್ಕೆ ಅವಕಾಶ ಕೊಡುವ ಪ್ರಾಂತ್ಯದ ಅನುದಾನ ಕಡಿತಗೊಳಿಸುವ ವ್ಯವಸ್ಥೆ ಮಾಡಿತು.

ಆರೋಗ್ಯ ವಿಮೆಗೆ ಎರಡು ಹಂತಗಳಿವೆ ಎಂಬುದು ಅವರ ಕೊನೆಯ ವರ್ಷಗಳ ಮಾತಿನ ಸಾರ. ರೋಗಿಗೂ ವೈದ್ಯನಿಗೂ ನಡುವಿನ ಹಣದ ಗೋಡೆ ಕೆಡವುವುದು ಮೊದಲನೆಯದು. ರೋಗವೇ ಬಾರದಂತೆ ನೋಡಿಕೊಳ್ಳುವ ರೀತಿಯಲ್ಲಿ ಸೇವೆಯ ಸ್ವರೂಪವನ್ನು ಬದಲಿಸುವುದು ಎರಡನೆಯದು. ಎರಡನೆಯದನ್ನು ಕೈಗೊಳ್ಳದಿದ್ದರೆ ವೆಚ್ಚ ಏರುತ್ತ ಹೋಗಿ ಮೊದಲನೆಯದಕ್ಕೂ ಕುತ್ತು ಬರುತ್ತದೆಂದು ಅವರು ಹೇಳುತ್ತಿದ್ದರು.

1986ರ ಫೆಬ್ರುವರಿ 24ರಂದು ಒಟ್ಟಾವಾದಲ್ಲಿ ಕ್ಯಾನ್ಸರಿನಿಂದ ಡಗ್ಲಸ್ ನಿಧನರಾದರು. ಅವರ ಮಗಳು ಶರ್ಲಿ ಡಗ್ಲಸ್ ಹೆಸರಾಂತ ನಟಿಯಾಗಿ, ಆರೋಗ್ಯ ವಿಮೆಯ ರಕ್ಷಣೆಗೆ ಕೊನೆಯವರೆಗೂ ದನಿಯೆತ್ತಿದರು. ಹಾಲಿವುಡ್ ನಟ ಕೀಫರ್ ಸದರ್ಲೆಂಡ್ ಅವರ ಮೊಮ್ಮಗ.

ಡಗ್ಲಸ್ ಬಿಟ್ಟುಹೋದ ಲೆಕ್ಕ ಇಂದಿಗೂ ಪೂರ್ತಿ ಚುಕ್ತಾ ಆಗಿಲ್ಲ. ಆಸ್ಪತ್ರೆಯ ಹೊರಗೆ ಕೊಳ್ಳುವ ಔಷಧಿ ಹಾಗೂ ದಂತಚಿಕಿತ್ಸೆ ಹಲವು ದಶಕಗಳ ಕಾಲ ಸಾರ್ವತ್ರಿಕ ವಿಮೆಯ ಹೊರಗೇ ಇದ್ದವು. ಔಷಧಿ ವಿಮೆಯ ಕಡೆಗೆ ಮೊದಲ ಹೆಜ್ಜೆಯಾದ ಕಾನೂನು ಬಂದದ್ದು 2024ರ ಅಕ್ಟೋಬರಿನಲ್ಲಿ. ಲಕ್ಷಾಂತರ ಜನರಿಗೆ ಕುಟುಂಬ ವೈದ್ಯರಿಲ್ಲ. ಕೆಲವು ಶಸ್ತ್ರಚಿಕಿತ್ಸೆಗಳಿಗೆ ತಿಂಗಳುಗಟ್ಟಲೆ ಕಾಯಬೇಕು. ಹಾಗಿದ್ದೂ ಆಸ್ಪತ್ರೆಯ ಬಿಲ್ಲಿಗಾಗಿ ಹೊಲಮನೆ ಮಾರಿದ ಕುಟುಂಬದ ಕಥೆ ಆ ದೇಶದಲ್ಲಿ ಅಜ್ಜಂದಿರ ಕಾಲದ ಮಾತಾಗಿದೆ.

ಅದು ಸಾಧ್ಯವಾದದ್ದು ದೊಡ್ಡ ದೇಶದ ದೊಡ್ಡ ಬೊಕ್ಕಸದಿಂದಲ್ಲ. ಸುಮಾರು ಒಂಬತ್ತು ಲಕ್ಷ ಜನರ, ಸಾಲದಲ್ಲಿ ಮುಳುಗಿದ್ದ ಒಂದು ಕೃಷಿ ಪ್ರಾಂತ್ಯ ಅದನ್ನು ಆರಂಭಿಸಿತು. ಹಣವಿದ್ದಷ್ಟೇ ಹೆಜ್ಜೆ ಇಟ್ಟಿತು. ಆಸ್ಪತ್ರೆ ಕಟ್ಟಿ ಆಮೇಲೆ ಭರವಸೆ ಕೊಡುವುದನ್ನು ಕಲಿಯಿತು. ವೈದ್ಯರನ್ನು ಎದುರು ಹಾಕಿಕೊಂಡು, ಮತ್ತೆ ಅವರೊಡನೆಯೇ ರಾಜಿಯಾಯಿತು. ಸಾರ್ವತ್ರಿಕ ಆರೋಗ್ಯ ವಿಮೆಗೆ ಹೊರಡುವ ಯಾವ ನಾಡಿಗೂ ಈ ಮೂರು ಮೆಟ್ಟಿಲುಗಳನ್ನು ಹಾರಿ ಹೋಗುವ ದಾರಿ ಇದುವರೆಗೆ ಕಂಡಿಲ್ಲ.